ಊರ ಹೆಸರಿನಲ್ಲಿ ಉಳಿದ ತೋಳ

ಇಂಗ್ಲೆಂಡಿನ ನೈರುತ್ಯದಲ್ಲಿ ಕಡಲಿನೊಳಕ್ಕೆ ಚಾಚಿಕೊಂಡಿರುವ ಕಾರ್ನ್‌ವಾಲ್ ಪ್ರಾಂತದ ಕಾಡುಗಳಲ್ಲಿ ಇಂದು ಒಂದು ತೋಳವೂ ಇಲ್ಲ. ಆದರೂ ಅಲ್ಲಿ ‘ಟ್ರೆಂಬ್ಲೆತ್’ ಎಂಬ ಸ್ಥಳವೊಂದಿದೆ. ಅದರ ಅರ್ಥ ‘ತೋಳದ ಹಟ್ಟಿ’. ಇಷ್ಟರಿಂದಲೇ ಹಿಂದೆ ಅಲ್ಲಿ ತೋಳಗಳಿದ್ದುವೆಂದು ನಾವು ನಿರ್ಣಯಿಸಬಹುದೆ?

ಮೊದಲು ಹೆಸರನ್ನು ಬಿಡಿಸಿ ನೋಡೋಣ. ಅದು ಕಾರ್ನಿಷ್ ಭಾಷೆಯದು. ವೆಲ್ಷ್ ಮತ್ತು ಬ್ರೆಟನ್ ಭಾಷೆಗಳು ಇದರ ಸೋದರಿಯರು. ‘ಟ್ರೆ’ ಎಂದರೆ ವಾಸಸ್ಥಳ. ‘ಅನ್’ ಎಂಬುದು ಇಂಗ್ಲಿಷಿನ ‘ದಿ’ ಇದ್ದಂತೆ. ‘ಬ್ಲೈದ್’ ಎಂದರೆ ತೋಳ. ‘ಮಳೆ’ಗೆ ‘ಕಾಲ’ ಸೇರಿದಾಗ ನಮ್ಮಲ್ಲಿ ಕಕಾರವು ಗಕಾರವಾಗುವಂತೆ, ಇಲ್ಲಿ ಬಕಾರದ ಮುಂದಿನ ನಕಾರವು ಮಕಾರವಾಗಿದೆ. ಇಂತಹ ಮಾರ್ಪಾಡುಗಳಿಂದಾಗಿಯೇ ವಿದ್ವಾಂಸರು ಇಂದಿನ ರೂಪವನ್ನು ನಂಬದೆ, ಹಳೆಯ ದಾಖಲೆಗಳಲ್ಲಿನ ಬರೆಹವನ್ನು ಹುಡುಕುತ್ತಾರೆ.

ಸುಮಾರು 1100ರಲ್ಲಿ ಸಿದ್ಧವಾದ ಲ್ಯಾಟಿನ್-ಕಾರ್ನಿಷ್ ಪದಕೋಶವೊಂದು ನಮಗೆ ದೊರೆತಿದೆ. ತೋಳ, ನರಿ ಮೊದಲಾದ ಪ್ರಾಣಿಗಳ ಹೆಸರುಗಳು ಅದರಲ್ಲಿವೆ. ನೀರುಪ್ರಾಣಿಯಾದ ಬೀವರಿಗೆ ‘ಅಗಲ ಬಾಲ’ ಎಂಬ ಅರ್ಥದ ಸೊಗಸಾದ ಪದವಿದೆ. ಆದರೆ ಆನೆಗೂ ಒಂದು ಪದವಿದೆ! ಕಾರ್ನ್‌ವಾಲಿನ ಕಾಡಿನಲ್ಲಿ ಆನೆ ಅಲೆದಾಡಲಿಲ್ಲವಷ್ಟೆ. ಪದವಿದ್ದ ಮಾತ್ರಕ್ಕೆ ಪ್ರಾಣಿಯಿತ್ತೆಂದು ಹೇಳಲಾಗದು.

ಸ್ಥಳನಾಮವು ಒಂದು ನೆಲಕ್ಕೆ ಅಂಟಿಕೊಂಡಿರುವುದರಿಂದ ಅದರ ಸಾಕ್ಷ್ಯಕ್ಕೆ ಬೆಲೆ ಹೆಚ್ಚು. ಆದರೆ ಅಲ್ಲಿಯೂ ಒಂದು ತೊಡಕುಂಟು. ವೇಲ್ಸಿನಲ್ಲಿ 1075ರಲ್ಲಿ ಮಡಿದ ಅರಸನೊಬ್ಬನ ಹೆಸರು ಬ್ಲೆದಿನ್, ಎಂದರೆ ‘ಮರಿತೋಳ’. ಹಾಗೆಯೇ ‘ತೋಳ’ನೆಂಬ ಮನುಷ್ಯನೊಬ್ಬನು ಟ್ರೆಂಬ್ಲೆತ್‌ನಲ್ಲಿ ವಾಸಿಸಿದ್ದಿರಬಹುದು. ಲಾಮೋರ್ನಾ ಸಮೀಪದ ಕಡಲತೀರದ ‘ಕಾರ್ನ್ ಬಾರ್ಜಿಸ್’ ಎಂಬ ಹೆಸರಿಗೆ ‘ಗಿಡುಗನ ಬಂಡೆ’ ಎಂದು ಅರ್ಥ ಹೇಳುತ್ತಾರೆ. ಅದು ಮನೆಯಲ್ಲ, ಬಂಡೆ. ಆದ್ದರಿಂದ ಅಲ್ಲಿ ಹಕ್ಕಿಯೇ ಕುಳಿತಿದ್ದಿತೆಂದು ಊಹಿಸುವುದು ಹೆಚ್ಚು ಸಮಂಜಸ.

ಹಾಗಾದರೆ ಟ್ರೆಂಬ್ಲೆತ್‌ನ ವಿಷಯವೇನು? ಮಧ್ಯಯುಗದ ಬ್ರಿಟನ್ನಿನಲ್ಲಿ ತೋಳಗಳಿದ್ದುದು ಬೇರೆ ಆಧಾರಗಳಿಂದ ಸಿದ್ಧವಾಗಿದೆ. ಆದುದರಿಂದ ಹೆಸರಿನ ಸೂಚನೆಯು ಅಸಂಭವವಲ್ಲ. ಆದರೆ ಹೆಸರೊಂದರಿಂದಲೇ ಅದು ಸಿದ್ಧವಾಗುವುದಿಲ್ಲ. ಪ್ರಯೋಗಶಾಲೆಯಲ್ಲಿ ಒಂದೇ ಅಳತೆಯನ್ನು ನೆಚ್ಚದಿರುವಂತೆ, ಇಲ್ಲಿಯೂ ಹಳೆಯ ಬರೆಹ, ಎಲುಬು, ನೆಲದ ಸ್ವರೂಪ ಇವೆಲ್ಲವನ್ನೂ ಕೂಡಿಸಿ ನೋಡಬೇಕು.

ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ ಕಾರ್ನಿಷ್ ಜನರ ಮನೆಮಾತಾಗಿ ಉಳಿಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಆಸಕ್ತರು ಅದನ್ನು ಮತ್ತೆ ಕಲಿತು ಬಳಕೆಗೆ ತಂದರು. ನಡುವಣ ಕಾಲದಲ್ಲಿ, ಅರ್ಥವರಿಯದವರ ನಾಲಗೆಯ ಮೇಲೂ ಊರ ಹೆಸರುಗಳು ಉಳಿದುಬಂದುವು. ಅವು ಅಳಿದಿದ್ದರೆ ಈ ಪ್ರಶ್ನೆಯನ್ನು ಕೇಳುವ ಅವಕಾಶವೇ ನಮಗೆ ದೊರೆಯುತ್ತಿರಲಿಲ್ಲ.