ಮೆಕ್ಕೆಜೋಳದ ಪಿಷ್ಟವೂ ಕಣದ ತೇವವೂ

ಗೋವಿನಕೋವಿ, ಹೊನ್ನಾಳಿ, ನ್ಯಾಮತಿ ಸುತ್ತಣ ಖುಷ್ಕಿ ಭೂಮಿಗಳಲ್ಲಿ ಹಿಂದೆ ರಾಗಿ, ಬಿಳಿಜೋಳ, ಹತ್ತಿಗಳು ಬೆಳೆಯುತ್ತಿದ್ದ ಸ್ಥಳವನ್ನು ಈಗ ಬಹುಮಟ್ಟಿಗೆ ಮೆಕ್ಕೆಜೋಳವೇ ಆಕ್ರಮಿಸಿಕೊಂಡಿರುವುದು ಗ್ರಾಮಮುಖಂಡರಿಗೂ ಜಮೀನುದಾರರಿಗೂ ತಿಳಿದ ವಿಷಯವಾಗಿದೆ. ಧಾರವಾಡ, ಹಾವೇರಿ ಕಡೆಯವರು ಇದನ್ನು ಗೋವಿನಜೋಳವೆನ್ನುವರು; ಮೈಸೂರು ಕಡೆಯವರು ಮುಸುಕಿನಜೋಳವೆನ್ನುವರು. (ಗೋವಿನಕೋವಿಯ ಹೆಸರಿಗೂ ಗೋವಿನಜೋಳಕ್ಕೂ ನಂಟಿಲ್ಲ, ಊರಿನ ಹೆಸರು ಈ ಬೆಳೆಗಿಂತ ಹಳೆಯದು.) ಇದನ್ನು ಬೆಳೆದವರು ಮನೆಯಲ್ಲಿ ಉಣ್ಣುವುದು ಕಡಿಮೆ. ಕಣದಿಂದ ಚೀಲಕ್ಕೆ, ಚೀಲದಿಂದ ಲಾರಿಗೆ ಏರಿ ಕಾಳು ಕಣ್ಮರೆಯಾಗುವುದು. ಆಮೇಲೆ ಅದು ಏನಾಗುವುದೆಂಬುದನ್ನೂ, ಕೊಳ್ಳುವವನು ಮೊದಲು ಅದರ ತೇವವನ್ನೇ ಏಕೆ ಅಳೆಯುವನೆಂಬುದನ್ನೂ ಇಲ್ಲಿ ವಿವರಿಸಲು ಯತ್ನಿಸಿದೆ.

ಒಣಗಿದ ಕಾಳಿನ ತೂಕದಲ್ಲಿ ನೂರಕ್ಕೆ ಸುಮಾರು 70 ಪಾಲು ಪಿಷ್ಟವಿರುವುದು. ಪಿಷ್ಟವೆಂದರೆ ಗ್ಲೂಕೋಸೆಂಬ ಸಕ್ಕರೆಯ ಅಣುಗಳು ಸಹಸ್ರಾರು ಸಂಖ್ಯೆಯಲ್ಲಿ ಸರಪಣಿಯ ಕೊಂಡಿಗಳಂತೆ ಒಂದಕ್ಕೊಂದು ಸೇರಿ ಆದ ವಸ್ತು. ಗ್ಲೂಕೋಸಿನ ಒಂದು ಅಣುವಿನಲ್ಲಿ ಇಂಗಾಲದ 6, ಜಲಜನಕದ 12, ಆಮ್ಲಜನಕದ 6 ಪರಮಾಣುಗಳಿವೆ. ದಂಟಿನ ನಾರು ಸಹ ಮುಖ್ಯವಾಗಿ ಇದೇ ಗ್ಲೂಕೋಸಿನಿಂದ ಆದುದು; ಕೊಂಡಿ ಕೂಡಿಕೊಂಡಿರುವ ರೀತಿ ಮಾತ್ರ ಬೇರೆ. ಅಷ್ಟೇ ವ್ಯತ್ಯಾಸದಿಂದ ಕಾಳು ಮನುಷ್ಯನಿಗೆ ಆಹಾರವಾಯಿತು, ದಂಟು ದನಕ್ಕೆ ಮೇವಾಯಿತು. ದನವೂ ಆ ನಾರನ್ನು ತಾನಾಗಿ ಜೀರ್ಣಿಸಿಕೊಳ್ಳಲಾರದು. ಅದರ ಹೊಟ್ಟೆಯಲ್ಲಿ ನೆಲಸಿರುವ ಸೂಕ್ಷ್ಮಜೀವಿಗಳು ಆ ಕೆಲಸವನ್ನು ಮಾಡಿಕೊಡುವುವು.

ಪಿಷ್ಟದ ಕೊಂಡಿಗಳನ್ನು ಕಳಚಿದರೆ ಸಕ್ಕರೆ ದೊರೆಯುವುದೆಂಬುದನ್ನು 1811ರಲ್ಲಿ ರಷ್ಯಾದಲ್ಲಿದ್ದ ಕಿರ್ಚಾಫ್ ಎಂಬ ರಸಾಯನಶಾಸ್ತ್ರಜ್ಞನು ಆಮ್ಲದೊಂದಿಗೆ ಪಿಷ್ಟವನ್ನು ಕುದಿಸಿ ತೋರಿಸಿದನು. ಈಗ ಕಾರ್ಖಾನೆಗಳಲ್ಲಿ ಈ ಕೆಲಸವನ್ನು ಹೆಚ್ಚಾಗಿ ಕಿಣ್ವಗಳಿಂದ ಮಾಡಿಸುವರು. ಕಳಚದೆಯೂ ಪಿಷ್ಟಕ್ಕೆ ಉಪಯೋಗ ಉಂಟು. ನೇಕಾರನು ಹಾಸಿನ ನೂಲಿಗೆ ಹಚ್ಚುವ ಗಂಜಿ ಪಿಷ್ಟವೇ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆಯವರಿಗೆ ಇದನ್ನು ಹೇಳಬೇಕಾದುದಿಲ್ಲ. ಕಾಗದ, ರಟ್ಟು, ಅಂಟುಗಳಿಗೂ ಅದು ಬೇಕು. ಗ್ಲೂಕೋಸನ್ನು ಹುಳಿಸಿ, ಮೊಸರಿನಲ್ಲಿರತಕ್ಕ ಲ್ಯಾಕ್ಟಿಕ್ ಆಮ್ಲವನ್ನು ಪಡೆದು, ಆ ಅಣುಗಳನ್ನು ಮತ್ತೆ ಹೊಸ ಸರಪಣಿಯಾಗಿ ಹೆಣೆದು ಒಂದು ಬಗೆಯ ಪ್ಲಾಸ್ಟಿಕನ್ನೂ ಮಾಡುವರು. ಇದು ಕೊಳೆಯುವ ಪ್ಲಾಸ್ಟಿಕೆಂದು ಪ್ರಚಾರವಾಗಿದೆ. ಆದರೆ ಅದು ಬೇಗ ಕೊಳೆಯಬೇಕಾದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದ ಗೊಬ್ಬರದ ರಾಶಿ ಬೇಕು. ಹೊಲದ ಬದುವಿನಲ್ಲಿ ಎಸೆದರೆ ಬಹುಕಾಲ ಹಾಗೆಯೇ ಬಿದ್ದಿರುವುದು.

ಇನ್ನು ಇಂಧನದ ವಿಚಾರ. ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಗ್ಲೂಕೋಸನ್ನು ಮದ್ಯಸಾರವಾಗಿಯೂ ಅಂಗಾರಾಮ್ಲ ಅನಿಲವಾಗಿಯೂ ಒಡೆಯುವುದು. ಒಂದು ಕ್ವಿಂಟಾಲ್ ಕಾಳಿನಿಂದ ಸುಮಾರು 38 ಲೀಟರ್ ಮದ್ಯಸಾರ ದೊರೆಯುವುದು. ಪೆಟ್ರೋಲಿಗೆ ನೂರಕ್ಕೆ 20 ಪಾಲು ಮದ್ಯಸಾರವನ್ನು ಬೆರೆಸುವ ಗುರಿಯನ್ನು ನಮ್ಮ ದೇಶವು 2025ರಲ್ಲಿ ಮುಟ್ಟಿತು. ಕಬ್ಬಿನ ಜೊತೆಗೆ ಮೆಕ್ಕೆಜೋಳವೂ ಇದಕ್ಕೆ ಮುಖ್ಯವಾದ ಕಚ್ಚಾಮಾಲಾಗಿರುವುದು. ಪಿಷ್ಟ ಕಳೆದು ಉಳಿದ ಸಸಾರಜನಕ, ನಾರು, ಎಣ್ಣೆಗಳ ಶೇಷವು ಕ್ವಿಂಟಾಲಿಗೆ ಸುಮಾರು 30 ಕಿಲೋ ಆಗುವುದು. ಅದನ್ನು ಒಣಗಿಸಿ ದನಕರುಗಳ ಮತ್ತು ಕೋಳಿಗಳ ಮೇವಿಗಾಗಿ ಮಾರುವರು. ಈ ಶೇಷದ ಮಾತು ಮುಂದೆ ಮತ್ತೆ ಬರುವುದರಿಂದ ಓದುಗರು ಇದನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಔಷಧದಲ್ಲಿ ಇದರ ಉಪಯೋಗವು ಅನೇಕರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಮಾತ್ರೆಯನ್ನು ಒತ್ತಿ ಹಿಡಿದಿರುವುದೂ, ಹೊಟ್ಟೆಯಲ್ಲಿ ನೀರು ತಗುಲಿದೊಡನೆ ಉಬ್ಬಿ ಅದನ್ನು ಪುಡಿಯಾಗಿಸುವುದೂ ಹಲವು ವೇಳೆ ಮೆಕ್ಕೆಜೋಳದ ಪಿಷ್ಟವೇ. ಆಸ್ಪತ್ರೆಯಲ್ಲಿ ನರಕ್ಕೆ ಏರಿಸುವ ಗ್ಲೂಕೋಸು ಪಿಷ್ಟದಿಂದ ತಯಾರಾದುದು. ವಾಂತಿಭೇದಿಗೆ ಕೊಡುವ ಉಪ್ಪು ಸಕ್ಕರೆಯ ನೀರಿನ ಮರ್ಮವೂ ಅಣುವಿನದೇ: ಗ್ಲೂಕೋಸಿನ ಅಣುವು ಕರುಳಿನ ಗೋಡೆಯನ್ನು ದಾಟುವಾಗ ಉಪ್ಪಿನ ಸೋಡಿಯಮ್ಮನ್ನು ಜೊತೆಗೂಡಿಸಿಕೊಂಡು ಹೋಗುವುದು, ಅವೆರಡರ ಹಿಂದೆ ನೀರು ಹೋಗುವುದು. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿದಾಗ ಡಾಕ್ಟರ್ ದಿಲೀಪ್ ಮಹಲನಬೀಸ್ ಅವರು ಬನಗಾಂವ್ ಶಿಬಿರದಲ್ಲಿ ಈ ನೀರಿನಿಂದಲೇ ಅಸಂಖ್ಯಾತ ಜೀವಗಳನ್ನು ಉಳಿಸಿದರು. ಪೆನಿಸಿಲಿನ್ ಎಂಬ ಮದ್ದನ್ನು ಹೇರಳವಾಗಿ ತಯಾರಿಸುವ ದಾರಿಯೂ 1941ರಲ್ಲಿ ಅಮೆರಿಕೆಯ ಪಿಯೋರಿಯಾ ಪಟ್ಟಣದ ಪ್ರಯೋಗಶಾಲೆಯಲ್ಲಿ, ಮೆಕ್ಕೆಜೋಳವನ್ನು ನೆನೆಸಿ ಬಸಿದ ನೀರಿನಲ್ಲಿ ಆ ಬೂಷ್ಟನ್ನು ಬೆಳೆಸಿದಾಗ ತೆರೆಯಿತು.

ಒಂದು ಬೂಷ್ಟು ಮದ್ದನ್ನು ಕೊಟ್ಟರೆ ಮತ್ತೊಂದು ವಿಷವನ್ನು ಕೊಡುವುದು. ಚಿತ್ತೆ, ಸ್ವಾತಿ ಮಳೆಗಳಲ್ಲಿ ತೆನೆ ನೆನೆದು, ಕಾಳು ಬೆಚ್ಚಗಿನ ರಾಶಿಯಲ್ಲಿ ಒಣಗದೆ ಕುಳಿತಾಗ ಅದರ ಮೇಲೆ ಹಳದಿ ಹಸಿರು ಬಣ್ಣದ ಪುಡಿ ಕಾಣಿಸಿಕೊಳ್ಳುವುದನ್ನು ಎಲ್ಲರೂ ನೋಡಿರುವರು. ಇದರಿಂದ ಹುಟ್ಟುವ ವಿಷಕ್ಕೆ ಆಫ್ಲಟಾಕ್ಸಿನ್ ಎಂದು ಹೆಸರು. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ತಿಂದು ಒಂದು ಲಕ್ಷಕ್ಕೂ ಮೇಲ್ಪಟ್ಟು ಟರ್ಕಿ ಕೋಳಿಗಳು ಸತ್ತಾಗ ಇದು ಬೆಳಕಿಗೆ ಬಂದಿತು. ಯಕೃತ್ತು ಈ ಅಣುವನ್ನು ಹೊರಹಾಕುವ ಸಲುವಾಗಿ ಅದಕ್ಕೆ ಆಮ್ಲಜನಕದ ಒಂದು ಪರಮಾಣುವನ್ನು ಸೇರಿಸುವುದು. ಹಾಗೆ ಬದಲಾದ ಅಣುವು ಜೀವಕೋಶದ ವಂಶತಂತುವಿಗೇ ಅಂಟಿಕೊಂಡು ಕಾಲಕ್ರಮದಲ್ಲಿ ಅರ್ಬುದ ರೋಗಕ್ಕೆ ಕಾರಣವಾಗುವುದು.

ಇದು ಪರದೇಶದ ಕೋಳಿಗಳ ಕಥೆಯೆಂದು ಉಪೇಕ್ಷಿಸತಕ್ಕದ್ದಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿ ಭಾಗದ ಹಳ್ಳಿಗಳಲ್ಲಿ, ಅಕಾಲ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನುಂಡ 397 ಮಂದಿ ಕಾಮಾಲೆಯಿಂದ ನರಳಿ, ಅವರಲ್ಲಿ 106 ಮಂದಿ ಮೃತರಾದರು. ಅದೇ ಆಹಾರವನ್ನು ತಿಂದ ನಾಯಿಗಳೂ ಸತ್ತವು. ರೊಟ್ಟಿ ಸುಡುವ, ಅಂಬಲಿ ಕಾಯಿಸುವ ಶಾಖಕ್ಕೆ ಈ ವಿಷವು ಪೂರ್ಣವಾಗಿ ನಾಶವಾಗದು. ನಮ್ಮ ದೇಶದ ಕಾನೂನಿನಂತೆ ಆಹಾರಧಾನ್ಯದ ಒಂದು ಕಿಲೋವಿನಲ್ಲಿ ಅದು 15 ಮೈಕ್ರೋಗ್ರಾಮನ್ನು ಮೀರಕೂಡದು. ಅಂದರೆ ನೂರು ಕೋಟಿ ಪಾಲಿನಲ್ಲಿ 15 ಪಾಲು. ಕಣ್ಣಿಗಾಗಲಿ ನಾಲಗೆಗಾಗಲಿ ಇದು ತಿಳಿಯುವಂತಹುದಲ್ಲ.

ಕಾಳು ಹೇಗಿದ್ದರೂ ಹೋಗುವುದು ಮದ್ಯಸಾರಕ್ಕೆ ತಾನೇ ಎಂದು ಕೆಲವರು ವಾದಿಸುವುದನ್ನು ಕೇಳಿದ್ದೇನೆ. ಬಟ್ಟಿ ಇಳಿಸುವಾಗ ಮದ್ಯಸಾರ ಮೇಲೇರುವುದು. ವಿಷವು ಆವಿಯಾಗದೆ ಕೆಳಗೆ, ಹಿಂದೆ ಹೇಳಿದ ಶೇಷದಲ್ಲಿ ನಿಲ್ಲುವುದು. ಕಾಳಿನ ತೂಕದಲ್ಲಿ ಮೂರನೆಯ ಎರಡು ಪಾಲು ಕಳೆದುಹೋಗಿರುವುದರಿಂದ ಶೇಷದಲ್ಲಿ ವಿಷದ ಸಾಂದ್ರತೆಯು ಸುಮಾರು ಮೂರು ಪಟ್ಟಾಗುವುದು. ಆ ಮೇವನ್ನು ತಿಂದ ಹಸುವಿನ ಹಾಲಿಗೂ ವಿಷದ ಒಂದಂಶ ರೂಪಾಂತರ ಹೊಂದಿ ಇಳಿಯುವುದು. ಹೀಗೆ ನಮ್ಮ ಕಣದಲ್ಲಿ ಹುಟ್ಟಿದ ಬೂಷ್ಟು ಲಾರಿಯಲ್ಲಿ ಹೋಗಿ, ಮೇವಿನ ಚೀಲದಲ್ಲಿ ಊರಿಗೆ ಮರಳಿ, ಮಕ್ಕಳ ಲೋಟವನ್ನು ಸೇರಬಹುದು.

ತೇವವು ನೂರಕ್ಕೆ 14ಕ್ಕೆ ಇಳಿದ ಕಾಳಿನಲ್ಲಿ ಬೂಷ್ಟು ಬೆಳೆಯಲಾರದು. 2025-26ರ ಮುಂಗಾರು ಹಂಗಾಮಿಗೆ ಗೊತ್ತುಮಾಡಿದ್ದ ಕ್ವಿಂಟಾಲಿಗೆ 2,400 ರೂಪಾಯಿ ಬೆಂಬಲ ಬೆಲೆಯೂ ಈ ಮಿತಿಯ ಕಾಳಿಗೇ. ನೂರಕ್ಕೆ 20 ತೇವವಿರುವ ಒಂದು ಕ್ವಿಂಟಾಲನ್ನು ಈ ಮಟ್ಟಕ್ಕೆ ಒಣಗಿಸಿದರೆ 93 ಕಿಲೋ ಉಳಿಯುವುದು. ಏಳು ಕಿಲೋ ಹೋಯಿತೆಂದು ರೈತನು ಅಳುಕುವುದು ಸಹಜ. ಆದರೆ ಹೋದುದು ನೀರು, ಪಿಷ್ಟವಲ್ಲ. ಹಸಿಯಾಗಿ ಮಾರಿದರೆ ಕೊಳ್ಳುವವನು ಆ ನೀರಿನ ಲೆಕ್ಕವನ್ನು ತನಗೆ ಅನುಕೂಲವಾಗುವಂತೆಯೇ ಹಾಕುವನು.

ತೇವಮಾಪಕವಿಲ್ಲದವರು ಒಣಗಿದ ಗಾಜಿನ ಸೀಸೆಯಲ್ಲಿ ಮೂರನೆಯ ಒಂದು ಭಾಗ ಕಾಳನ್ನೂ, ಚೆನ್ನಾಗಿ ಒಣಗಿಸಿದ ಪುಡಿಯುಪ್ಪನ್ನು ಎರಡು ಮೂರು ಚಮಚೆಯಷ್ಟೂ ಹಾಕಿ, ಮುಚ್ಚಿ, ಒಂದು ನಿಮಿಷ ಕುಲುಕಿ, ಕಾಲು ಗಂಟೆ ಇಡಬೇಕು. ಉಪ್ಪು ಸೀಸೆಯ ಗೋಡೆಗೆ ಅಂಟಿದರೆ ತೇವ ನೂರಕ್ಕೆ 15ನ್ನು ಮೀರಿದೆ, ಇನ್ನೂ ಒಣಗಿಸಬೇಕು.

ಒಣಗಿಸಲು ಜಾಗವಿಲ್ಲದೆ ಡಾಂಬರು ರಸ್ತೆಯ ಮೇಲೆ ಹರಡುವ ಪದ್ಧತಿ ನಮ್ಮಲ್ಲಿ ಬಲವಾಗಿ ಬೇರೂರಿದೆ. ರಾಶಿಯ ಅಂಚಿಗಿಟ್ಟ ಕಲ್ಲುಗಳಿಂದ ರಾತ್ರಿ ದ್ವಿಚಕ್ರದವರು ಬೀಳುತ್ತಾರೆ, ಮಳೆ ಬಂದರೆ ರಾಶಿಯನ್ನು ಮುಚ್ಚುವ ವೇಳೆಯೂ ಸಿಗದು. ಪ್ರತಿ ಗ್ರಾಮದಲ್ಲಿಯೂ ಎತ್ತರದ ಸ್ಥಳದಲ್ಲಿ ಒಂದು ಸಾಮೂಹಿಕ ಸಿಮೆಂಟು ಕಣವನ್ನೂ, ಬಾಡಿಗೆಗೆ ಸಿಗುವಂತೆ ತಾಡಪಾಲುಗಳನ್ನೂ, ಒಂದು ತೇವಮಾಪಕವನ್ನೂ ಏರ್ಪಡಿಸುವುದು ಒಬ್ಬ ಸಣ್ಣ ಹಿಡುವಳಿದಾರನಿಂದಾಗದ ಕೆಲಸ. ಮುಖಂಡರು ಪಂಚಾಯಿತಿಯ ಮುಂದಿಟ್ಟರೆ ಆಗುವ ಕೆಲಸ. 2018ರಲ್ಲಿ ಶಿವಮೊಗ್ಗದಲ್ಲಿ ಮೊದಲು ಕಂಡ ಸೈನಿಕ ಹುಳುವು ಕೊರೆದ ತೆನೆಗಳಿಗೆ ಬೂಷ್ಟು ಬೇಗ ತಗಲುವುದು. ಅಂತಹ ತೆನೆಗಳನ್ನು ಯಂತ್ರಕ್ಕೆ ಹಾಕುವ ಮೊದಲೇ ಆರಿಸಿ ತೆಗೆದು ಸುಡತಕ್ಕದ್ದು. ಕೋಳಿಗಾದರೂ ಆಗಲಿ ಎಂದು ಅದನ್ನು ಹಿತ್ತಲಿಗೆ ಎಸೆಯಕೂಡದು. ಕರೆಯುವ ಹಸುವಿಗಂತೂ ಖಂಡಿತವಾಗಿ ಹಾಕಕೂಡದು.