ದರಿಯಾ ದೌಲತ್ ಭಿತ್ತಿಚಿತ್ರಗಳ ಗಣಕ ರೇಖಾಪ್ರತಿ: ಅಂಚಿನ ಪ್ರಶ್ನೆ

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ (1784) ಪಶ್ಚಿಮ ಭಿತ್ತಿಯಲ್ಲಿ 1780ರ ಪೊಳ್ಳಿಲೂರು ಕದನವು ಚಿತ್ರಿತವಾಗಿದೆ. ಸಾಲುಗಟ್ಟಿದ ಸೈನಿಕರು, ಕುದುರೆಗಳು, ಆನೆಗಳು ಇವೆಲ್ಲವನ್ನೂ ಬೇರ್ಪಡಿಸುವುದು ಹೊರರೇಖೆಯೇ. ಆದ್ದರಿಂದ ಇಂತಹ ಚಿತ್ರದ ಛಾಯಾಪ್ರತಿಯ ಮೇಲೆ ಗಣಕದಲ್ಲಿ ರೇಖಾಪ್ರತಿ ತೆಗೆಯುವಾಗ ಗೆರೆಯ ಅಂಚು ಮುಖ್ಯವಾಗುತ್ತದೆ.

ಫೋಟೋಶಾಪ್‌ನಲ್ಲಿ ಕುಂಚದ ಗಡಸುತನವನ್ನು ಶೇ. 100ಕ್ಕೆ ಏರಿಸಿದರೂ ಅಂಚಿನಲ್ಲಿ ಅರೆಬಣ್ಣದ ಪಿಕ್ಸೆಲ್‌ಗಳು ಉಳಿಯುತ್ತವೆ. ಮೆಟ್ಟಿಲಿನಂತಹ ಒರಟುತನ ಕಾಣದಿರಲೆಂದು ತಂತ್ರಾಂಶವೇ ಅವನ್ನು ಸೇರಿಸುತ್ತದೆ. ಕಣ್ಣಿಗೆ ಇದು ಹಿತವೆಂಬುದು ನಿಜ. ಆದರೆ ಗೆರೆಗಳ ನಡುವೆ ಬಣ್ಣ ತುಂಬಿದಾಗ ಮಸುಕಾದ ಅಂಚುಪಟ್ಟಿ ಉಳಿಯುತ್ತದೆ. ಹಿಗ್ಗಿಸಿ ನೋಡಿದವರಿಗೆ ಅದು ಮೂಲವರ್ಣವೇ ಮಾಸಿದಂತೆ ತೋರೀತು. ಪೆನ್ಸಿಲ್ ಸಾಧನದಲ್ಲಿ ಈ ಮಿಶ್ರಣವಿಲ್ಲ. ಅದರ ಮೆಟ್ಟಿಲಂಚು ಕಾಣದಿರಬೇಕಾದರೆ ಪಿಕ್ಸೆಲ್ ಸಾಂದ್ರತೆಯನ್ನು ಹೆಚ್ಚಿಸಿಕೊಂಡೇ ಬರೆಯಬೇಕು. ಜೆಪೆಗ್‌ನಲ್ಲಿ ಉಳಿಸಿದರೆ ಅಂಚು ಮತ್ತೆ ಕಲಕುವುದರಿಂದ ಟಿಫ್ ಲೇಸು.

ಹರಿತವಾದ ಗೆರೆಯಲ್ಲಿ ಅಪಾಯವೂ ಇದೆ. ಡಾಲ್‌ಹೌಸಿಯ ಆದೇಶದಂತೆ ಈ ಚಿತ್ರಗಳನ್ನು 1855ರಲ್ಲಿ ಮರಳಿ ಬರೆಯಲಾಯಿತು. ಹೀಗೆ ಮೂಲವೂ ಮರುಬರಹವೂ ಬೆರೆತ ಭಿತ್ತಿಯಲ್ಲಿ ಅಳಿಸಿದ ಭಾಗಕ್ಕೂ ಅದೇ ಗಡಸು ಗೆರೆ ಎಳೆದರೆ ಪ್ರತಿಕಾರನ ಊಹೆಯು 18ನೆಯ ಶತಮಾನದ ಕೈಬರಹವೆನಿಸಿಬಿಡುತ್ತದೆ. ಕಂಡ ಗೆರೆಗೆ ಒಂದು ಪದರವನ್ನೂ ಊಹಿಸಿದ್ದಕ್ಕೆ ಚುಕ್ಕೆಗೆರೆಯ ಬೇರೊಂದು ಪದರವನ್ನೂ ಇಟ್ಟು, ಎರಡನ್ನೂ ಬೆಸೆಯದೆ ಗ್ರಂಥಾಲಯಕ್ಕೆ ಒಪ್ಪಿಸುವುದು ಉಚಿತ.