ಕೆಲಸಗಾರ ಸೋಮಾರಿಯೋ, ಕಾರ್ಖಾನೆಯೋ?

ಸರ್ಕಾರ ಸಂಬಳ ಕೊಟ್ಟ ಹಾಗೆ ಮಾಡುತ್ತಿತ್ತಂತೆ, ಕಾರ್ಮಿಕರು ದುಡಿದ ಹಾಗೆ ಮಾಡುತ್ತಿದ್ದರಂತೆ. ಸೋವಿಯತ್ ಕಾಲದ ಈ ನಗೆಹನಿ ಹೇಳದ ಮ್ಯಾನೇಜ್‌ಮೆಂಟ್ ಭಾಷಣಕಾರರು ಅಪರೂಪ. ನಗಲು ಅಡ್ಡಿಯಿಲ್ಲ. ಆದರೆ ಇದನ್ನೇ ಸಾಕ್ಷಿ ಮಾಡಿಕೊಂಡು, ಸಮಾಜವಾದವು ಪೂರ್ವ ಯುರೋಪಿನ ಜನರನ್ನು ಮೈಗಳ್ಳರನ್ನಾಗಿಸಿತು ಎಂದು ತೀರ್ಪು ಕೊಡುವವರನ್ನು ಕಂಡರೆ ಮೈ ಉರಿಯುತ್ತದೆ.

ಸಮಾಜಶಾಸ್ತ್ರಜ್ಞ ಮೈಕೆಲ್ ಬುರಾವೊಯ್ ಷಿಕಾಗೋದ ಎಂಜಿನ್ ಕಾರ್ಖಾನೆಯಲ್ಲೂ ದುಡಿದವರು, 1980ರ ದಶಕದಲ್ಲಿ ಹಂಗೇರಿಯ ಲೆನಿನ್ ಉಕ್ಕಿನ ಕಾರ್ಖಾನೆಯ ಕುಲುಮೆಯ ಮುಂದೆಯೂ ಬೆವರು ಸುರಿಸಿದವರು. ಅವರು ಕಂಡ ಹಂಗೇರಿಯ ಕೆಲಸಗಾರರು ಕೆಟ್ಟ ಕಚ್ಚಾಮಾಲು, ಹಳೇ ಯಂತ್ರಗಳ ನಡುವೆ ಉಪಾಯ ಹೂಡಿ ಕೆಲಸ ಸಾಗಿಸುವ ಗಟ್ಟಿಗರು. ಹೊತ್ತು ಹಾಳಾಗುತ್ತಿದ್ದುದು ಮೇಲಿನವರಿಂದ. ಪ್ರಧಾನಿ ಬರುತ್ತಾರೆಂದು ಒಮ್ಮೆ ಎಲ್ಲರ ಕೈಗೂ ಕುಂಚ ಬಂತು. ಯಂತ್ರಗಳಿಗೆ ಹಳದಿ, ಹಸಿರು ಬಣ್ಣ. ಬುರಾವೊಯ್‌ಗೆ ಸಿಕ್ಕಿದ್ದು ಕಪ್ಪು. ಅವರು ಸಲಿಕೆಗಳಿಗೆ ಬಳಿಯುತ್ತಾ ಕೂತರು!

ಅಲ್ಲಿನ ರೋಗಕ್ಕೆ ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್ 1980ರಲ್ಲೇ ಕೊಟ್ಟ ಹೆಸರು ಕೊರತೆ. ತಿಂಗಳ ಮೊದಲಲ್ಲಿ ಮಾಲು ಬಾರದೆ ಕೈಕಟ್ಟಿ ಕೂರಬೇಕು. ಕೊನೆಗೆ ಯೋಜನೆಯ ಗುರಿ ಮುಟ್ಟಲು ಹಗಲೂ ರಾತ್ರಿ ಗೇಯಬೇಕು. ಮೊದಲ ವಾರ ಇಣುಕಿ ಹೋದವನು ಬರೆದದ್ದೇ ಚರಿತ್ರೆಯಾಯಿತು.

ಪೂರ್ವ ಜರ್ಮನಿಯ ಐಸೆನಾಖ್‌ನಲ್ಲಿ ವಾರ್ಟ್‌ಬುರ್ಗ್ ಕಾರಿನ ತಯಾರಿಕೆ 1991ರಲ್ಲಿ ನಿಂತಿತು. 1992ರಲ್ಲಿ ಅದೇ ಊರಿನಲ್ಲಿ ಓಪೆಲ್ ಹೊಸ ಕಾರ್ಖಾನೆ ತೆರೆಯಿತು. ಹಳೆಯ ಕೆಲಸಗಾರರಲ್ಲಿ ಹಲವರು ಅಲ್ಲಿಗೆ ಹೋದರು. ಕೆಲವೇ ವರ್ಷಗಳಲ್ಲಿ ಅದು ಯುರೋಪಿನ ಅತಿ ಹೆಚ್ಚು ಉತ್ಪಾದಕತೆಯ ಕಾರು ಕಾರ್ಖಾನೆಗಳ ಸಾಲಿಗೆ ಸೇರಿತು. ಸೋಮಾರಿತನ ಎಲ್ಲಿ ಹೋಯಿತು?

ವ್ಯತ್ಯಾಸವೇ ಇರಲಿಲ್ಲ ಎನ್ನುತ್ತಿಲ್ಲ. ಮನಶ್ಶಾಸ್ತ್ರಜ್ಞ ಮೈಕೆಲ್ ಫ್ರೆಜೆ ತಂಡ ಪೂರ್ವದ ಡ್ರೆಸ್ಡೆನ್ ಮತ್ತು ಪಶ್ಚಿಮದ ಮೈಂಟ್ಸ್ ನಗರಗಳ ಕೆಲಸಗಾರರನ್ನು ಹೋಲಿಸಿ 1996ರಲ್ಲಿ ವರದಿ ಮಾಡಿತು: ಕೆಲಸದಲ್ಲಿ ತಾನಾಗಿ ಮುಂದೆ ಬೀಳುವ ಗುಣ ಪೂರ್ವದವರಲ್ಲಿ ಕಡಿಮೆ. ಆದರೆ ತಂಡ ಕಂಡುಕೊಂಡ ಕಾರಣ ಹುಟ್ಟುಗುಣವಲ್ಲ. ಸ್ವಂತ ನಿರ್ಧಾರಕ್ಕೆ ಜಾಗವಿಲ್ಲದ, ತಲೆಗೆ ಕೆಲಸ ಕೊಡದ ಉದ್ಯೋಗ.

ಸಮಾಜವಾದದಡಿ ಬೆಳೆದವರಿಗೆ ಮಾರುಕಟ್ಟೆಯೇ ಅರ್ಥವಾಗದು ಎಂಬುದು ಇನ್ನೊಂದು ಕಟ್ಟುಕಥೆ: ಹಬ್ಬದ ದಿನ ಹೂವಿನ ಬೆಲೆ ಏರಿಸುವುದು ನ್ಯಾಯವೇ ಎಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಷಿಲ್ಲರ್ ಮತ್ತು ಸಂಗಡಿಗರು 1990ರಲ್ಲಿ ಕೇಳಿದಾಗ ಮಾಸ್ಕೋ, ನ್ಯೂಯಾರ್ಕ್ ಎರಡೂ ಕಡೆ ಬಹುಮತದ ಉತ್ತರ 'ಅಲ್ಲ'.

ಒಂದು ಜೋಕು, ಒಂದು ಪವರ್‌ಪಾಯಿಂಟ್ ಇದ್ದರೆ ನಾವು ಇಡೀ ಖಂಡದ ಸ್ವಭಾವವನ್ನೇ ನಂಬಿಬಿಡುತ್ತೇವೆ. ಮಾರುಕಟ್ಟೆ ಬಂದೊಡನೆ ದುಡಿದವನಿಗೆ ಕೂಲಿ ಸಿಕ್ಕಿತು ಎಂಬುದನ್ನೂ ಹಾಗೇ ನಂಬಿದ್ದೇವೆ. ಆದರೆ 1990ರ ದಶಕದ ರಷ್ಯಾದಲ್ಲಿ ಲಕ್ಷಾಂತರ ಜನ ತಿಂಗಳುಗಟ್ಟಲೆ ಸಂಬಳವಿಲ್ಲದೆ ಕೆಲಸಕ್ಕೆ ಹೋಗುತ್ತಿದ್ದರು.